ಹುಣಸೆ ಬೀಜದ ಲೆಕ್ಕ

ಪ್ರಶ್ನೆ: ಸಿಸ್ಟರಮ್ಮ, ನಮಸ್ತೆ. ನನಗೆ 26 ವರ್ಷ. ಚೊಚ್ಚಲ ಹೆರಿಗೆ, ಸಿಸೇರಿಯನ್. ಹೆಣ್ಣು ಮಗು, ಈಗ ಎಂಟು ವಾರ. ಅಮ್ಮನ ಮನೆಯಲ್ಲಿ ಬಾಣಂತನ. ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಭಾನುವಾರ ಬಂದು ಹೋಗುತ್ತಾರೆ. ಹುಟ್ಟಿದಾಗ ಮಗು 2 ಕೆ.ಜಿ. 800 ಗ್ರಾಂ ಇತ್ತು. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ 3 ಕೆ.ಜಿ. 900 ಗ್ರಾಂ. ನನಗೆ ಹಾಲು ಸಾಲುತ್ತಿಲ್ಲ. ಮೊದಲೆಲ್ಲ ಎದೆ ಕಲ್ಲಿನ ಹಾಗೆ ಬಿಗಿಯುತ್ತಿತ್ತು, ಈಗ ಮೆತ್ತಗಾಗಿಬಿಟ್ಟಿದೆ. ಪಂಪ್ ಹಾಕಿದರೆ ಬಾಟಲಿಯ ತಳ ಮುಚ್ಚುವಷ್ಟು ಬರುತ್ತದೆ ಅಷ್ಟೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುವಾದ ಅಳು ಒಂಬತ್ತೂವರೆ ಆದರೂ ನಿಲ್ಲುವುದಿಲ್ಲ. ಮುಖ ಕೆಂಪಾಗುತ್ತದೆ, ಕಾಲು ಹೊಟ್ಟೆಗೆ ಎಳೆದುಕೊಳ್ಳುತ್ತಾಳೆ. ಕಕ್ಕ ನಾಲ್ಕು ದಿನಕ್ಕೊಮ್ಮೆ. ಅಮ್ಮ ಬಜೆ ತೇಯ್ದು ನೆಕ್ಕಿಸುತ್ತಾಳೆ, ಗ್ರೈಪ್ ವಾಟರ್ ಹಾಕುತ್ತಾಳೆ. ಅತ್ತೆ ದಿನಾ ಫೋನ್ ಮಾಡಿ 'ಮಗು ಹಸಿವಿಗೆ ಅಳ್ತಿದೆ, ಡಬ್ಬದ ಹಾಲು ಕೊಡಿ' ಎನ್ನುತ್ತಾರೆ. ನನಗೆ ಕುಡಿಯಲು ದಿನಕ್ಕೆ ಮೂರು ಲೋಟ ಬಿಸಿನೀರು, ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದಂತೆ. ಒಂದೊಂದು ದಿನ ಬಚ್ಚಲಿಗೆ ಹೋಗಿ, ಯಾರಿಗೂ ಕೇಳಿಸದಿರಲಿ ಅಂತ ನಲ್ಲಿ ತಿರುಗಿಸಿ ಅಳುತ್ತೇನೆ.
— ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಮಗಳೇ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಏಕವಚನದಲ್ಲೇ ಮಾತಾಡಿಸುತ್ತೇನೆ, ನನ್ನ ಕೊನೆಯ ಮಗಳಿಗಿಂತಲೂ ಚಿಕ್ಕವಳು ನೀನು.

ಹಾಲಿನ ಪ್ರಶ್ನೆಗೆ ಉತ್ತರ ನಿನ್ನ ಕಾಗದದಲ್ಲೇ ಇದೆ. 42 ದಿನದಲ್ಲಿ ನಿನ್ನ ಮಗಳು 1 ಕೆ.ಜಿ. 100 ಗ್ರಾಂ ಏರಿದ್ದಾಳೆ. ಹುಟ್ಟಿದ ಮೊದಲ ದಿನಗಳಲ್ಲಿ ಮಕ್ಕಳು ಸ್ವಲ್ಪ ಇಳಿಯುತ್ತವೆ, ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತವೆ. ಆ ದಿನಗಳನ್ನು ಕಳೆದು ನೋಡಿದರೆ ದಿನಕ್ಕೆ 30 ಗ್ರಾಂ ಮೇಲೆಯೇ ಬಿತ್ತು. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ನಾವು ತಾಯಿ ಕಾರ್ಡಿನಲ್ಲಿ ಗೆರೆ ಎಳೆದು ನಿಶ್ಚಿಂತೆಯಿಂದ ಮುಂದಿನ ಮನೆಗೆ ಹೋಗುತ್ತಿದ್ದೆವು. ಅಷ್ಟೂ ಮಾಂಸ ನಿನ್ನ ಹಾಲಿನಿಂದಲೇ ಬಂದದ್ದು ಕಣಮ್ಮ, ಬೇರೆ ಎಲ್ಲಿಂದ ಬರಬೇಕು?

ಎದೆ ಮೆತ್ತಗಾದದ್ದು ಒಳ್ಳೆಯ ಸುದ್ದಿ. ಶುರುವಿನಲ್ಲಿ ಮಗುವಿಗೆ ಎಷ್ಟು ಬೇಕು ಅಂತ ಮೈಗೆ ಗೊತ್ತಿರುವುದಿಲ್ಲ, ಸಿಕ್ಕಾಪಟ್ಟೆ ಮಾಡಿಟ್ಟುಕೊಳ್ಳುತ್ತದೆ. ಒಂದೂವರೆ ತಿಂಗಳ ಹೊತ್ತಿಗೆ ಅದಕ್ಕೆ ಅಂದಾಜು ಸಿಕ್ಕಿರುತ್ತದೆ, ಮಗು ಚೀಪಿದ ಹಾಗೆಲ್ಲ ತಯಾರಾಗುತ್ತದೆ. ಪಂಪನ್ನು ಅಳತೆಗೋಲು ಮಾಡಿಕೊಳ್ಳಬೇಡ. ಮಗುವಿನ ಬಾಯಿಗೆ ಇಳಿಯುವಷ್ಟು ಹಾಲು ಪಂಪಿಗೆ ಇಳಿಯುವುದಿಲ್ಲ. ಆತಂಕದಲ್ಲಿ ಕೂತು ಬಾಟಲಿಯನ್ನೇ ನೋಡುತ್ತಿದ್ದರಂತೂ ಇನ್ನೂ ಕಡಿಮೆ.

ನಿನ್ನ ಅತ್ತೆ, ಅಮ್ಮ ಇಬ್ಬರೂ ನಂಬುವಂಥ ಲೆಕ್ಕವೊಂದನ್ನು ಹೇಳಿಕೊಡುತ್ತೇನೆ. ಹಾಸನ ಜಿಲ್ಲೆಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ 33 ವರ್ಷ ಇದ್ದೆ, ಅಷ್ಟೂ ವರ್ಷ ಇದನ್ನೇ ಹೇಳಿಕೊಟ್ಟೆ. ಒಂದು ಖಾಲಿ ಲೋಟ ಇಟ್ಟುಕೋ, ಪಕ್ಕದಲ್ಲಿ ಒಂದು ಹಿಡಿ ಹುಣಸೆ ಬೀಜ. ಬೆಳಿಗ್ಗೆ ಆರಕ್ಕೆ ಶುರು ಮಾಡು. ಮಗು ಉಚ್ಚೆ ಹೊಯ್ದ ಬಟ್ಟೆ ಬದಲಿಸಿದಾಗಲೆಲ್ಲ ಒಂದು ಬೀಜ ಲೋಟಕ್ಕೆ. ಆ ದಿನ ಮಗುವಿಗೆ ನೀರು, ಗ್ರೈಪ್ ವಾಟರ್ ಏನೂ ಬೇಡ, ಎದೆಹಾಲು ಮಾತ್ರ. ಮಾರನೆಯ ಬೆಳಿಗ್ಗೆ ಲೋಟ ಬಗ್ಗಿಸಿ ಎಣಿಸು. ಆರು ಅಥವಾ ಹೆಚ್ಚು ಇದ್ದರೆ, ಉಚ್ಚೆ ಗಾಢ ಹಳದಿ ಇಲ್ಲದಿದ್ದರೆ, ಹಾಲು ಸಾಲುತ್ತಿದೆ. ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ಸೊಸೆಗೆ ಹಾಲಿಲ್ಲ ಅಂತ ಹಟ ಹಿಡಿದಿದ್ದ ಅತ್ತೆಯ ಕೈಗೇ ಲೋಟ ಕೊಟ್ಟು ಬಂದಿದ್ದೆ. ಮಾರನೆಯ ದಿನ ಹೋದರೆ ಆಕೆ ಜಗಲಿ ಮೇಲೆ ಬೀಜಗಳನ್ನು ಚೌಕಾಬಾರದ ಕಾಯಿಯ ಹಾಗೆ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಹನ್ನೊಂದು. 'ಮೂರು ಸಲ ಎಣಿಸ್ದೆ ನರ್ಸಮ್ಮ, ಹನ್ನೊಂದೇ' ಅಂದಳು. ಅವತ್ತಿನಿಂದ ಆ ಮನೆಯಲ್ಲಿ ಡಬ್ಬದ ಮಾತೇ ಬರಲಿಲ್ಲ.

ಡಬ್ಬದ ಹಾಲನ್ನು ನಾನು ಇಷ್ಟು ತಡೆಯುವುದಕ್ಕೆ ಕಾರಣ ಇದೆ. ಒಂದು ಸಲ ಬಾಟಲಿ ಕೊಟ್ಟರೆ ಮಗು ಅಷ್ಟು ಹೊತ್ತು ಚೀಪುವುದಿಲ್ಲ, ಚೀಪದಿದ್ದರೆ ಹಾಲು ಕಡಿಮೆಯಾಗುತ್ತದೆ, ಕಡಿಮೆಯಾದರೆ ಇನ್ನೊಂದು ಬಾಟಲಿ. 1986ರಲ್ಲಿ ನನ್ನ ಮೊದಲ ಮಗನಿಗೆ ಎರಡು ತಿಂಗಳಾಗಿದ್ದಾಗ ನಾನೇ ಈ ಸುಳಿಗೆ ಬಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ಕೆಲಸ ನನ್ನದು, ಮನೆಯಲ್ಲಿ ಹಿರಿಯರ ಮಾತಿಗೆ ಎದುರಾಡುವ ಧೈರ್ಯ ಇರಲಿಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರು. ಮೂರನೇ ವಾರಕ್ಕೆ ಭೇದಿ ಹತ್ತಿತು. ಕಣ್ಣು ಗುಳಿಬಿದ್ದು, ನೆತ್ತಿ ತಗ್ಗಾಗಿ, ಅಳುವುದಕ್ಕೂ ಶಕ್ತಿಯಿಲ್ಲದ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದ್ದೆ. ಮೂರು ದಿನ ಡ್ರಿಪ್ ಹಾಕಿದರು. ಅವನಿಗೆ ಈಗ ಎರಡು ಮಕ್ಕಳಿದ್ದಾವೆ, ಆದರೂ ಆ ನೆತ್ತಿಯ ತಗ್ಗು ನನ್ನ ಬೆರಳ ತುದಿಯಲ್ಲಿ ಹಾಗೇ ಇದೆ. ವೈದ್ಯರೇ ಕಾರಣ ನೋಡಿ ಬರೆದುಕೊಟ್ಟರೆ ಪೌಡರ್ ಹಾಲು ಔಷಧಿಯ ಹಾಗೆ ಕೆಲಸಕ್ಕೆ ಬರುತ್ತದೆ, ಆಗ ಯಾವ ತಾಯಿಯೂ ನಾಚಿಕೆ ಪಡಬೇಕಿಲ್ಲ. ನಿನಗೆ ಆ ಕಾರಣ ಇಲ್ಲ.

ಇನ್ನು ಸಂಜೆಯ ಅಳು. ಎರಡನೇ ವಾರದಿಂದ ಏರುತ್ತ ಹೋಗಿ, ಆರರಿಂದ ಎಂಟು ವಾರದ ಹೊತ್ತಿಗೆ ತುತ್ತತುದಿಗೆ ಹೋಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುವ ಅಳು ಇದು. ನೀನು ಈಗ ತುದಿಯಲ್ಲಿದ್ದೀಯ. ಎಳೆ ಕೂಸುಗಳು ಸಂಜೆ ಹೊತ್ತು ಮೇಲಿಂದ ಮೇಲೆ ಎದೆ ಕೇಳುತ್ತವೆ. ಕೊಡು, ಲೆಕ್ಕ ಇಡಬೇಡ. ಆಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ಸವರು. ಟಿವಿ ಆರಿಸಿ, ದೊಡ್ಡ ದೀಪ ತೆಗೆದು, ಹಿತ್ತಲಲ್ಲಿ ತೆಂಗಿನ ಮರಗಳ ಕೆಳಗೆ ಓಡಾಡಿಸಿ. ಹದಿನೈದು ನಿಮಿಷವಾದ ಮೇಲೆ ನಿಮ್ಮಪ್ಪನ ಹೆಗಲಿಗೆ ದಾಟಿಸು. ಗಂಡಸರ ಎದೆಯ ಗಡಸು ದನಿಗೆ ಎಷ್ಟೋ ಕೂಸುಗಳು ಸುಮ್ಮನಾಗುವುದನ್ನು ನೋಡಿದ್ದೇನೆ. ಯಾರಿಗಾದರೂ ತಡೆಯಲಾಗದಷ್ಟು ಸಿಟ್ಟು ಬಂದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬಂದು ನಿಲ್ಲಿ. ಕೂಸನ್ನು ಜೋರಾಗಿ ಅಲ್ಲಾಡಿಸಿದರೆ ಮೆದುಳಿಗೆ ಪೆಟ್ಟಾಗುತ್ತದೆ, ಇದು ಮನೆಯವರಿಗೆಲ್ಲ ಗೊತ್ತಿರಲಿ.

ಬಜೆ ನಿಲ್ಲಿಸಿಬಿಡಿ, ಗ್ರೈಪ್ ವಾಟರನ್ನೂ. ಬಜೆ ಎಳೆ ಹೊಟ್ಟೆಗೆ ಆಗಿಬರುವುದಿಲ್ಲ, ತೇಯುವ ಕಲ್ಲಿನಲ್ಲಿ ಇರುವ ಕೊಳೆ ಬೇರೆ. ಆರು ತಿಂಗಳು ತುಂಬುವವರೆಗೆ ಎದೆಹಾಲು, ವೈದ್ಯರು ಬರೆದ ವಿಟಮಿನ್ ಡಿ ಹನಿ, ಅಷ್ಟೇ. ಎದೆಹಾಲು ಕುಡಿಯುವ ಕೂಸು ಒಂದೂವರೆ ತಿಂಗಳಾದ ಮೇಲೆ ನಾಲ್ಕೈದು ದಿನ ಕಕ್ಕ ಮಾಡದಿದ್ದರೂ, ಮಾಡಿದಾಗ ಮೆತ್ತಗಿದ್ದರೆ, ಹೊಟ್ಟೆ ಮೃದುವಾಗಿದ್ದರೆ, ಮಲಬದ್ಧತೆ ಅಂತ ತಿಳಿಯಬೇಡಿ.

ಆದರೆ ಈ ಕೆಲವಕ್ಕೆ ಮನೆಮದ್ದು, ನಾಳೆ ನೋಡೋಣ ಅನ್ನುವುದು ಎರಡೂ ಬೇಡ: ಮೈ ಬಿಸಿ 100.4 ಡಿಗ್ರಿ ಮುಟ್ಟಿದರೆ, ಹಸಿರು ವಾಂತಿಯಾದರೆ, ಕಕ್ಕದಲ್ಲಿ ರಕ್ತ ಕಂಡರೆ, ಎದೆ ಹಿಡಿಯದೆ ಜೋತು ಬಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮಧ್ಯರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ.

ಈಗ ನಿನ್ನ ವಿಷಯ. ಮೂರು ಲೋಟ ನೀರು ಅನ್ನುವುದನ್ನು ಓದಿ ನನಗೆ ನಿಜವಾಗಿ ಸಿಟ್ಟು ಬಂತು, ನಿಮ್ಮಮ್ಮನ ಮೇಲೆ ಅಲ್ಲ, ಈ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದ ನಮ್ಮೆಲ್ಲರ ಮೇಲೆ. ಹಾಲು ಕೊಡುವ ಹೆಂಗಸಿಗೆ ಬಾಯಾರಿಕೆ ಹೆಚ್ಚು. ಬಾಯಾರಿದಾಗಲೆಲ್ಲ ಕುಡಿ. ಪ್ರತಿ ಸಲ ಮಗುವನ್ನು ಎದೆಗೆ ಹಾಕಿಕೊಳ್ಳುವಾಗ ಕೈಗೆಟುಕುವ ಹಾಗೆ ಒಂದು ಚೊಂಬು ಇರಲಿ. ಬಿಸಿನೀರೇ ಆಗಲಿ ಅಂದರೆ ಬಿಸಿನೀರೇ. ಹೊಟ್ಟೆ ಬರುವುದು ನೀರಿನಿಂದಲ್ಲ, ಒಂಬತ್ತು ತಿಂಗಳು ಹಿಗ್ಗಿದ್ದ ಸ್ನಾಯು ಕೂಡಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮಮ್ಮನ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಒಗ್ಗರಣೆ, ತುಪ್ಪದ ಅನ್ನ ಎಲ್ಲ ಚೆನ್ನಾಗಿದೆ. ಅದರ ಜೊತೆ ಬೇಳೆ, ತರಕಾರಿ, ಹಣ್ಣು, ತಿನ್ನುವವರಾದರೆ ಮೊಟ್ಟೆ ಸೇರಲಿ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ಮಗು ಹುಟ್ಟಿತು ಅಂತ ಡಬ್ಬಿ ಮೂಲೆಗಿಟ್ಟಿರುವ ಮನೆಗಳೇ ಹೆಚ್ಚು. ಹುಡುಕಿ ತೆಗೆ.

ನಲ್ಲಿ ತಿರುಗಿಸಿ ಅಳುವ ಮಾತನ್ನು ನೀನು ಕೊನೆಯ ಸಾಲಿನಲ್ಲಿ ಬರೆದೆ, ನಾನು ಅದನ್ನೇ ಮೊದಲು ಓದಿದೆ. ಹೆರಿಗೆಯಾದ ಮೂರು ನಾಲ್ಕನೇ ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ತುಂಬ ಬಾಣಂತಿಯರಿಗೆ ಇದ್ದದ್ದೇ, ಎರಡು ವಾರದೊಳಗೆ ಹೋಗುತ್ತದೆ. ನಿನಗೆ ಎಂಟು ವಾರ. ಅದಕ್ಕೇ ಕೇಳುತ್ತೇನೆ, ಕೂತು ಉತ್ತರ ಹೇಳಿಕೋ. ಮಗು ಮಲಗಿದಾಗಲೂ ನಿನಗೆ ನಿದ್ದೆ ಬರುವುದಿಲ್ಲವೇ? ಊಟ ರುಚಿಸುವುದಿಲ್ಲವೇ? ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲವೇ? ನಾನಿಲ್ಲದಿದ್ದರೇ ಈ ಮಗುವಿಗೆ ಒಳ್ಳೆಯದು ಅನ್ನಿಸಿದೆಯೇ? ಒಂದಕ್ಕೆ ಹೌದು ಅಂದರೂ ಇವತ್ತೇ ಅಮ್ಮನಿಗೆ ಹೇಳು, ಈ ವಾರವೇ ವೈದ್ಯರನ್ನು ಕಾಣು. ಕೊನೆಯ ಪ್ರಶ್ನೆಗೆ ಹೌದು ಎನ್ನುವುದಾದರೆ ವಾರದವರೆಗೂ ಕಾಯುವುದು ಬೇಡ, ಇವತ್ತೇ ಹೋಗು, ಒಬ್ಬಳೇ ಇರಬೇಡ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಬಾಣಂತಿ ರಾತ್ರಿಯೆಲ್ಲ ಒಬ್ಬಳೇ ಮಾತಾಡುತ್ತಾಳೆ, ಮಗುವನ್ನು ತನ್ನದಲ್ಲ ಎನ್ನುತ್ತಾಳೆ ಅಂತ ಕರೆದರು. ಬಾಣಂತಿ ಸನ್ನಿ ಅಂತ ಮನೆಯವರು ಬೇವಿನ ಸೊಪ್ಪಿನಲ್ಲಿ ಹೊಡೆದಿದ್ದರು, ಅವಳ ತೋಳಿನ ಮೇಲೆ ಎಲೆಯ ಗುರುತು ಹಾಗೇ ಮೂಡಿತ್ತು. ಆಸ್ಪತ್ರೆಗೆ ಸೇರಿಸಿದ ಮೇಲೆ ವಾಸಿಯಾಗಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಉಪಕೇಂದ್ರಕ್ಕೇ ಇಂಜೆಕ್ಷನ್‌ಗೆ ಬಂದಳು. ನಿನ್ನದು ಆ ಮಟ್ಟದ್ದು ಅಂತ ಖಂಡಿತ ಹೇಳುತ್ತಿಲ್ಲ. ಮನಸ್ಸಿನ ಕಾಯಿಲೆಗೂ ಔಷಧಿಯಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ ಅಂತ ಹೇಳುತ್ತಿದ್ದೇನೆ.

ನಿನ್ನ ಯಜಮಾನರಿಗೂ ಒಂದು ಮಾತು. ಭಾನುವಾರ ಬಂದಾಗ ಮಗುವಿನ ಫೋಟೊ ಆಮೇಲೆ ತೆಗೆಯಲಿ. ಊಟವಾದ ಮೇಲೆ ನೀನು ಮಗುವಿಗೆ ಹಾಲು ಕೊಟ್ಟು, ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ಗಂಟೆ ಮಲಗು. ಅಷ್ಟೂ ಹೊತ್ತು ಬಟ್ಟೆ ಬದಲಿಸುವುದು, ಎತ್ತಿಕೊಳ್ಳುವುದು ಅವರದು. ಅತ್ತೆಯ ಫೋನಿಗೆ ಉತ್ತರ ಹೇಳುವ ಕೆಲಸವೂ ಅವರದೇ. ಹುಣಸೆ ಬೀಜದ ಲೆಕ್ಕವನ್ನು ಅವರೇ ತಮ್ಮ ತಾಯಿಗೆ ಒಪ್ಪಿಸಲಿ.

ಪ್ರಶ್ನೆ: ನಾನು ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು. ಸೊಸೆಗೆ ಮಗು ಹುಟ್ಟಿ ಒಂದು ತಿಂಗಳು. ಲೋಬಾನದ ಹೊಗೆ ಬೇಡ, ಕಣ್ಣಿಗೆ ಕಾಡಿಗೆ ಬೇಡ, ಮೂಗಿಗೆ ಕಿವಿಗೆ ಎಣ್ಣೆ ಬೇಡ, ನಾಲಿಗೆಗೆ ಜೇನುತುಪ್ಪ ಬೇಡ ಅನ್ನುತ್ತಾಳೆ. ನನ್ನ ಕೈಯೇ ಬೇಡವಾಯಿತಾ ಅನ್ನಿಸುತ್ತಿದೆ.
— ಒಬ್ಬ ಅಜ್ಜಿ, ದಾವಣಗೆರೆ

ಉತ್ತರ: ಅಕ್ಕಾ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ನಾಲ್ಕು ವಿಷಯದಲ್ಲಿ ಸೊಸೆಯ ಮಾತೇ ಸರಿ. ಹೊಗೆ ಎಳೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಸೋಂಕೂ ತಗಲಬಹುದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಕೂಸುಗಳನ್ನು ನೋಡಿದ್ದೇನೆ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಲ್ಲಿ ಇರಬಹುದಾದ ಒಂದು ಬಗೆಯ ಜೀವಾಣು ಎಳೆ ಕರುಳಲ್ಲಿ ಬೆಳೆದು ಮೈಯ ಸ್ವಾಧೀನವನ್ನೇ ತಪ್ಪಿಸುತ್ತದೆ. ಕೂಸಿನ ಮೊಲೆತೊಟ್ಟು ಊದಿದ್ದರೆ ಹಿಂಡುವ ರೂಢಿಯೂ ಕೆಲವು ಕಡೆ ಇದೆ. ಮುಟ್ಟಬೇಡಿ, ತಾನಾಗಿ ಇಳಿಯುತ್ತದೆ.

ಇಷ್ಟು ಬಿಟ್ಟ ಮೇಲೆ ನಿಮ್ಮ ಕೈಗೆ ಉಳಿಯುವುದು ಸಣ್ಣದೇನಲ್ಲ. ಮಣೆ ಮೇಲೆ ಕೂತು, ಕಾಲು ಚಾಚಿ, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಂಡು, ಒಂದು ಅಂಗೈ ಹಣೆಗೆ ಅಡ್ಡ ಹಿಡಿದು, ಮುಖಕ್ಕೆ ಹನಿ ಬೀಳದ ಹಾಗೆ ತಲೆಗೆ ನೀರು ಹಾಕುವುದು ಯಾವ ಪುಸ್ತಕ ಓದಿದರೂ ಬರುವುದಿಲ್ಲ. ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಮೈಗೆ ಹಗುರವಾಗಿ ಸವರಿ. ನೀರಿನ ಬಿಸಿಯನ್ನು ಬೆರಳಿನಿಂದ ನೋಡಬೇಡಿ, ಹಂಡೆ ಒಲೆಗೆ ಒಗ್ಗಿದ ಬೆರಳು ನಮ್ಮದು, ಸುಡುವುದು ಗೊತ್ತಾಗುವುದಿಲ್ಲ. ಮೊಣಕೈ ಅದ್ದಿ ನೋಡಿ. ನೀರು ಹಾಕಿದ ಮೇಲೆ ಕತ್ತಿನ ಮಡಿಕೆ, ಕಂಕುಳು, ತೊಡೆ ಸಂದಿನಲ್ಲಿ ತೇವ ಉಳಿಯದಂತೆ ಹಳೆ ಪಂಚೆಯಲ್ಲಿ ಒತ್ತಿ ಒರೆಸಿ. ದೃಷ್ಟಿಬೊಟ್ಟು ಇಡಲೇಬೇಕು ಅನ್ನಿಸಿದರೆ ಅಂಗಾಲಿಗೆ ಇಡಿ, ಕೂಸಿನ ಕೈಗೂ ಬಾಯಿಗೂ ಸಿಗುವುದಿಲ್ಲ. ನಾಳೆ ನೀರು ಹಾಕುವಾಗ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, 'ಹೀಗೆ ಹಿಡಿ' ಅಂತ ಅವಳ ಕೈಗೂ ಒಮ್ಮೆ ಕೊಡಿ.

ಪ್ರಶ್ನೆ: ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗನಿಗೆ ಐದು ತಿಂಗಳು, ಇನ್ನು ಹತ್ತು ದಿನಕ್ಕೆ ರಜೆ ಮುಗಿಯುತ್ತದೆ. ಮಗುವನ್ನು ನಮ್ಮತ್ತೆ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಫ್ರಿಜ್ ಇಲ್ಲ. ಎದೆಹಾಲು ಬಿಡಿಸಬೇಕಾ?
— ಬೆಂಗಳೂರು

ಉತ್ತರ: ಬಿಡಿಸಬೇಡಮ್ಮ. ಮೊದಲು ರಜೆಯ ಲೆಕ್ಕ ನೋಡು. 2017ರಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರ ಇದೆ, ಇಎಸ್‌ಐ ಅಂದರೆ ಕಾರ್ಮಿಕರ ವಿಮೆ ಇರುವವರಿಗೆ ಆ ಹಣ ಅಲ್ಲಿಂದ ಬರುತ್ತದೆ. ಹೆರಿಗೆಗೆ ಮುಂಚೆ ಎಷ್ಟು ವಾರ ತೆಗೆದುಕೊಂಡಿದ್ದೆಯೋ ಅದನ್ನು ಕಳೆದು ಉಳಿದದ್ದು ಸರಿಯಿದೆಯಾ ಅಂತ ಕ್ಯಾಲೆಂಡರ್ ಇಟ್ಟುಕೊಂಡು ಎಣಿಸು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ನೀನು ಅಲ್ಲಿಗೆ ಹೋಗಿ ಮಗುವನ್ನು ನೋಡಬಹುದು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲು ಕೊಡಲು ದಿನಕ್ಕೆ ಎರಡು ಬಿಡುವು, ಊಟದ ಬಿಡುವಲ್ಲದೆ. ಯಾರೂ ದಯೆಯಿಂದ ಕೊಡುವುದಲ್ಲ ಇದು. ಒಬ್ಬಳೇ ಕೇಳಲು ಹಿಂಜರಿಕೆಯಾದರೆ ಲೈನಿನಲ್ಲಿರುವ ಬೇರೆ ತಾಯಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿ ಕೇಳು.

ಮಗು ಮನೆಯಲ್ಲೇ ಇರುವುದಾದರೆ, ಹೊರಡುವ ಮುಂಚೆ ಎದೆ ತುಂಬ ಕುಡಿಸು. ಆಮೇಲೆ ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಡಬ್ಬಿಗೆ ಹಿಂಡು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ವರ್ತುಲದ ಅಂಚಿನಲ್ಲಿ ಹಿಂದಕ್ಕೆ ಒತ್ತಿ ಬಿಡು. ತೊಟ್ಟನ್ನು ಎಳೆಯಬೇಡ. ತಂಪಾದ ಕೋಣೆಯಲ್ಲಿ ಆ ಹಾಲು ನಾಲ್ಕು ಗಂಟೆ ಇರುತ್ತದೆ, ಬೇಸಿಗೆಯ ಶೀಟಿನ ಮನೆಯಲ್ಲಿ ಅಷ್ಟು ನಂಬಬೇಡ. ಮಧ್ಯಾಹ್ನದ ಹಾಲಿಗೆ ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಒಂದು ಡಬ್ಬಿಗೆ ಜಾಗ ಕೇಳು. ಫ್ರೀಜರಿನಲ್ಲಿ ಅಲ್ಲ, ಕೆಳಗೆ, ಬಾಗಿಲಿನ ಕಡೆ ಬೇಡ, ಒಳಗಡೆ ಇಟ್ಟರೆ ನಾಲ್ಕು ದಿನ ಇರುತ್ತದೆ. ಕೊಡುವಾಗ ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟರೆ ಸಾಕು. ಅತ್ತೆಗೆ ಬಾಟಲಿ ಬೇಡ ಅನ್ನು, ಒಳಲೆ ಕೊಡು, ಅದೇ ಕೊಕ್ಕಿರುವ ಪುಟ್ಟ ಬಟ್ಟಲು. ಅವರ ಕಾಲದವರಿಗೆ ಒಳಲೆ ಹಿಡಿಯುವುದು ಚೆನ್ನಾಗಿ ಗೊತ್ತು. ತೊಳೆಯುವುದಕ್ಕೂ ಸುಲಭ, ಮಗು ಎದೆಯನ್ನೂ ಮರೆಯುವುದಿಲ್ಲ. ಒಳಲೆಯಲ್ಲಿ ಮಿಕ್ಕಿದ ಹಾಲನ್ನು ಮತ್ತೆ ಡಬ್ಬಿಗೆ ಸುರಿಯಬಾರದು.

ಆರು ತಿಂಗಳು ತುಂಬುತ್ತಲೇ ರಾಗಿ ಸರಿ ಶುರು ಮಾಡಬಹುದು, ಅದಕ್ಕೆ ಈಗಲೇ ಕೈ ಹಚ್ಚು. ರಾಗಿ ತೊಳೆದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿ. ಬೇಯಿಸಿದ ಸರಿ ಚಮಚ ಓರೆ ಮಾಡಿದರೆ ನೀರಿನ ಹಾಗೆ ಸುರಿಯಬಾರದು, ಚಮಚದಲ್ಲಿ ನಿಲ್ಲಬೇಕು. ಉಪ್ಪು ಒಂದು ವರ್ಷ, ಸಕ್ಕರೆ, ಬೆಲ್ಲ ಎರಡು ವರ್ಷ ಬೇಡ.

ಕೆಲಸಕ್ಕೆ ಸೇರಿದ ಮೊದಲ ವಾರ ಬ್ಯಾಗಿನಲ್ಲಿ ಇನ್ನೊಂದು ರವಿಕೆ, ಎರಡು ಮಡಿಸಿದ ಹತ್ತಿ ಬಟ್ಟೆ ಇರಲಿ. ಮನೆಯಲ್ಲಿ ಮಗು ಹಾಲು ಕುಡಿಯುವ ಹೊತ್ತಿಗೆ ಇಲ್ಲಿ ಮೆಷಿನ್ ಮುಂದೆ ಕೂತವಳಿಗೆ ಎದೆ ತೊಟ್ಟಿಕ್ಕುತ್ತದೆ. ಅಂಗೈಯಲ್ಲಿ ಒತ್ತಿ ಹಿಡಿ, ನಿಲ್ಲುತ್ತದೆ. ಬಿಡುವಿನಲ್ಲಿ ಹೋಗಿ ಹಿಂಡಿ ಬಾ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಸಂಜೆ ಮನೆಗೆ ಹೋದವಳು ಕೈಕಾಲು ತೊಳೆದು ಮೊದಲು ಮಗುವನ್ನು ತೆಗೆದುಕೋ, ಅಡುಗೆ ಆಮೇಲೆ.